ಬ್ರೇಕಿನ ಸದ್ದಿಗೊಂದು ಗೋಡೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರ ಕಾರು ಸದ್ದು ಮಾಡಿದರೂ ಮೆಕ್ಯಾನಿಕ್‌ಗಿಂತ ಮೊದಲು ಫೋನು ಬರುವುದು ನನಗೆ. ಹಾಗೆಂದು ನಾನು ಮೆಕ್ಯಾನಿಕ್ ಅಲ್ಲ. ಕೈಗೆ ಗ್ರೀಸ್ ಮೆತ್ತಿಕೊಳ್ಳುವುದು ನನಗೆ ಆಗಿಬರುವುದಿಲ್ಲ. ಒಮ್ಮೆ ಸ್ಟೆಪ್ನಿ ಬದಲಾಯಿಸಿದಾಗ ಎಲ್ಲ ಮುಗಿದ ಮೇಲೂ ಒಂದು ನಟ್ಟು ಕೈಯಲ್ಲೇ ಉಳಿದಿತ್ತು. ನನ್ನದು ಬರೀ ಕಿವಿಯ ಕೆಲಸ. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, ಇದು ಬ್ರೇಕು, ಇದು ಬುಷ್ಷು, ಇದು ಡಿಕ್ಕಿಯಲ್ಲಿ ಸಡಿಲವಾದ ಜಾಕಿ ಎಂದು ಹೇಳಿಬಿಟ್ಟರೆ ನನ್ನ ಪಾಲಿನದು ಮುಗಿಯಿತು. ಅವರು ಗ್ಯಾರೇಜಿಗೆ ಹೋಗುತ್ತಾರೆ, ನಾನು ಮನೆಗೆ ಬಂದು ಕಾಫಿ ಕುಡಿಯುತ್ತೇನೆ. ಇಷ್ಟು ಸುಖವಾದ ಪರಿಣತಿ ಬೇರೊಂದಿಲ್ಲ. ತಪ್ಪಾದರೆ ಬೈಗುಳ ಮೆಕ್ಯಾನಿಕ್‌ಗೆ, ಸರಿಯಾದರೆ ಶಹಬ್ಬಾಸ್ ನನಗೆ.

ಈ ಕಿವಿ ನನಗೆ ಬಂದದ್ದು ಕೆ.ಆರ್. ಪುರಂ ಕಡೆಯ ಒಂದು ಕಾರ್ಖಾನೆಯಿಂದ. ಅಲ್ಲಿ ತಪಾಸಣೆ ವಿಭಾಗದಲ್ಲಿದ್ದೆ. ಓಡುತ್ತಿರುವ ಯಂತ್ರದ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿಕೊಂಡರೆ ಒಳಗಿನ ಬೇರಿಂಗಿನ ಆರೋಗ್ಯ ನೇರವಾಗಿ ತಲೆಬುರುಡೆಗೆ ತಿಳಿಯುತ್ತದೆ. ಡಾಕ್ಟರಿಗೆ ಸ್ಟೆತಾಸ್ಕೋಪು, ನಮಗೆ ಸ್ಕ್ರೂಡ್ರೈವರು. ಹೊಸದಾಗಿ ಸೇರಿದವರು ಇದನ್ನು ನೋಡಿ ನಗುತ್ತಿದ್ದರು. ಆಮೇಲೆ ಅವರೇ ಒಂದು ಹಳೆಯ ಸ್ಕ್ರೂಡ್ರೈವರು ಸಂಪಾದಿಸಿಕೊಂಡು ಬರುತ್ತಿದ್ದರು. ನಿವೃತ್ತನಾದಾಗ ಕಾರ್ಖಾನೆಯವರು ಶಾಲು ಹೊದಿಸಿ ಹಾರ ಹಾಕಿದರು. ಕಿವಿಯನ್ನು ಮಾತ್ರ ವಾಪಸು ಕೇಳಲಿಲ್ಲ, ಅದನ್ನು ಕಲ್ಯಾಣ ನಗರದ ಮನೆಗೆ ತಂದುಕೊಂಡೆ.

ಯೋಚಿಸಿ ನೋಡಿ, ನಮ್ಮ ಹಿರಿಯರು ಬಹಳಷ್ಟು ವ್ಯಾಪಾರವನ್ನು ಕಿವಿಯಿಂದಲೇ ಮಾಡಿದವರು. ಮಡಕೆಯನ್ನು ಬೆರಳಿನಿಂದ ಬಡಿದು ಕೊಳ್ಳುತ್ತಿದ್ದರು, ತೆಂಗಿನಕಾಯಿಯನ್ನು ಅಲ್ಲಾಡಿಸಿ ಕೊಳ್ಳುತ್ತಿದ್ದರು. ಕಲ್ಲಂಗಡಿ ಹಣ್ಣಿನ ಹೊಟ್ಟೆಗೆ ತಟ್ಟಿ ಕಿವಿಗೊಟ್ಟು ನಿಲ್ಲುವವರು ಈಗಲೂ ಹಲಸೂರು ಮಾರುಕಟ್ಟೆಯಲ್ಲಿ ಸಿಗುತ್ತಾರೆ. ಅವರಲ್ಲಿ ಅರ್ಧದಷ್ಟು ಜನಕ್ಕೆ ಏನು ಕೇಳಬೇಕೆಂದು ಗೊತ್ತಿರುವುದಿಲ್ಲ, ಆದರೂ ತಟ್ಟದೆ ಕೊಳ್ಳುವುದಿಲ್ಲ. ಕನ್ನಡ ಭಾಷೆಯೂ ಈ ವಿಷಯದಲ್ಲಿ ಉದಾರಿ. ಕಟಕಟ, ಕರಕರ, ಗರಗರ, ಲೊಟಲೊಟ, ಗುಂಯ್, ಕಿರ್ರ್, ಕೀಂಯ್. ಕಾರು ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಅದರ ಕಾಯಿಲೆಗಳಿಗೆಲ್ಲ ನಾವು ಹೆಸರಿಟ್ಟು ಕೂತಿದ್ದೆವು.

ಈ ಹೆಸರುಗಳನ್ನು ಸರಿಯಾದ ಭಾಗಕ್ಕೆ ಹಚ್ಚುವುದೇ ನನ್ನ ವಿದ್ಯೆ. ಅದಕ್ಕೆ ಉಪಕರಣ ಬೇಡ, ಊರು ಸಾಕು. ನಮ್ಮ ಬೆಂಗಳೂರಿನ ಪೂರ್ವ ಭಾಗವನ್ನು ಕಾರು ಪರೀಕ್ಷೆಗೆಂದೇ ಯಾರೋ ಕಟ್ಟಿಸಿದಂತಿದೆ. ಸಸ್ಪೆನ್ಷನ್ ನೋಡಬೇಕೆಂದರೆ ರಾಮಮೂರ್ತಿ ನಗರದ ಕ್ರಾಸುಗಳಿಗೆ ಹೋಗಬೇಕು. ಅಲ್ಲಿ ಮನೆ ಕಟ್ಟಿಸಿದವರೆಲ್ಲ ಉಳಿದ ಸಿಮೆಂಟಿನಲ್ಲಿ ಗೇಟಿನ ಮುಂದೆ ಒಂದೊಂದು ಹಂಪ್ ಹಾಕಿಸಿಕೊಂಡಿದ್ದಾರೆ. ಒಂದರಂತೆ ಇನ್ನೊಂದಿಲ್ಲ. ಕೆಲವು ಆಮೆಯ ಬೆನ್ನು, ಕೆಲವು ನೇರ ಮೆಟ್ಟಿಲು. ನಿಧಾನವಾಗಿ ಹತ್ತಿಳಿದಾಗ ಹಳೆಯ ಮಂಚದಂತೆ ಕಿರ್ರ್ ಎಂದರೆ ರಬ್ಬರಿನ ಬುಷ್ ಒಣಗಿದೆ ಎಂದರ್ಥ. ಸಣ್ಣ ಸಣ್ಣ ಗುಂಡಿಗಳಲ್ಲಿ ಕಟಕಟ ಎಂದರೆ ಲಿಂಕ್ ರಾಡು ಸಡಿಲವಾಗಿದೆ. ದೊಡ್ಡ ಗುಂಡಿಗೆ ಬಿದ್ದಾಗ ದಡ್ ಎಂದು ಒಂದೇ ಪೆಟ್ಟು ಬಿದ್ದರೆ ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿಹೋಗಿದೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಟಣ್ ಎಂದರೆ ಸ್ಪ್ರಿಂಗಿನ ಮೇಲ್ತುದಿಯ ಬೇರಿಂಗು ಕೆಟ್ಟಿದೆ. ಚಕ್ರದ ಬೇರಿಂಗಿಗೆ ಕೆ.ಆರ್. ಪುರಂ ದಾಟಿದ ಹೆದ್ದಾರಿಯೇ ಆಗಬೇಕು. ವೇಗ ಏರಿದಂತೆ ಗುಂಯ್ ಎನ್ನುವ ಸದ್ದೂ ಏರಿ, ಒಂದು ಕಡೆ ತಿರುಗಿದಾಗ ಹೆಚ್ಚಾಗಿ ಇನ್ನೊಂದು ಕಡೆ ತಿರುಗಿದಾಗ ಕಡಿಮೆಯಾದರೆ ಅನುಮಾನವೇ ಬೇಡ.

ಬ್ರೇಕಿನ ಪರೀಕ್ಷೆಗೆ ಮಾತ್ರ ರಿಚರ್ಡ್ಸ್ ಟೌನ್. ಅಲ್ಲಿ ಉದ್ದನೆಯ ಕಾಂಪೌಂಡ್ ಗೋಡೆಗಳಿರುವ ಒಂದೆರಡು ರಸ್ತೆಗಳು ಇನ್ನೂ ಉಳಿದುಕೊಂಡಿವೆ. ಭಾನುವಾರ ಬೆಳಿಗ್ಗೆ ಎಲ್ಲರೂ ಚರ್ಚಿಗೆ ಹೋದ ಹೊತ್ತಿನಲ್ಲಿ ಗೋಡೆಗೆ ಹತ್ತಿರವಾಗಿ, ಗಾಜು ಇಳಿಸಿ, ನಿಧಾನವಾಗಿ ಗಾಡಿ ಓಡಿಸಬೇಕು. ಚಕ್ರದಿಂದ ಹೊರಟ ಸದ್ದು ಗೋಡೆಗೆ ಬಡಿದು ಸೀದಾ ಕಿಟಕಿಯೊಳಗೆ ಬರುತ್ತದೆ. ನಡುರಸ್ತೆಯಲ್ಲಿ ಕೇಳದ್ದು ಗೋಡೆಯ ಪಕ್ಕದಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಎಡಗಡೆ ಗೋಡೆ ಇಟ್ಟುಕೊಂಡು ಒಮ್ಮೆ, ವಾಪಸು ಬರುವಾಗ ಬಲಗಡೆ ಇಟ್ಟುಕೊಂಡು ಒಮ್ಮೆ ಓಡಿಸಿದರೆ ಯಾವ ಚಕ್ರವೆಂದೂ ಗೊತ್ತಾಗುತ್ತದೆ. ಆ ಮನೆಗಳ ಸೆಕ್ಯೂರಿಟಿಯವರು ಮೊದಮೊದಲು ನನ್ನನ್ನು ಕಳ್ಳನೆಂದು ತಿಳಿದಿದ್ದರು. ಈಗ ಕೈ ಎತ್ತಿ ನಮಸ್ಕಾರ ಹೇಳುತ್ತಾರೆ.

ನನ್ನ ಕೀರ್ತಿ ನಿಜವಾಗಿ ಹಬ್ಬಿದ್ದು ಮೂರನೇ ಮಹಡಿಯ ಪಾಟೀಲರಿಂದ. ಧಾರವಾಡದ ಕಡೆಯ ಇವರು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರು. ಅವರ ಹೊಸ ಕಾರಿನ ಹಿಂಭಾಗದಲ್ಲಿ ಲೊಟಲೊಟ ಸದ್ದು. ಸರ್ವಿಸ್ ಸೆಂಟರಿನವರು ಏನೇನೋ ಬದಲಾಯಿಸಿದರೂ ಅದು ಹೋಗಿರಲಿಲ್ಲ. ನಾನು ಹಿಂದೆ ಕೂತು ರಾಮಮೂರ್ತಿ ನಗರಕ್ಕೆ ಒಂದು ಸುತ್ತು ಹಾಕಿಸಿದೆ. ಗಾಡಿ ನಿಲ್ಲಿಸಿ, ಸೀಟಿನ ಕೆಳಗೆ ಕೈ ಹಾಕಿ, ಊರಿನಿಂದ ಶೇಂಗಾ ಚಟ್ನಿಪುಡಿ ತಂದಿದ್ದ ಸ್ಟೀಲ್ ಡಬ್ಬಿಯನ್ನು ಹೊರತೆಗೆದೆ. ಖಾಲಿ ಡಬ್ಬಿ, ಒಳಗೊಂದು ಚಮಚ. ಪಾಟೀಲರು ಆ ಡಬ್ಬಿಯನ್ನು ಒಂದು ಕ್ಷಣ ದಿಟ್ಟಿಸಿ, "ಇದನ್ನ ನಮ್ಮ ಮನ್ಯಾಕಿ ಮುಂದ ಹೇಳಬ್ಯಾಡ್ರಿ ಸರ" ಎಂದರು. ಆಕೆ ಆ ಡಬ್ಬಿಯನ್ನು ಮನೆಯೆಲ್ಲ ಹುಡುಕಿ ಕೆಲಸದವಳ ಮೇಲೆ ಅನುಮಾನಪಟ್ಟಿದ್ದರಂತೆ. ನಾನು ಹೇಳಲಿಲ್ಲ. ಹೇಗೋ ಇಡೀ ಕಟ್ಟಡಕ್ಕೆ ಗೊತ್ತಾಯಿತು.

ಇನ್ನು ಬ್ರೇಕಿನ ವಿಷಯ. ಬ್ರೇಕಿನ ಎಲ್ಲ ಸದ್ದೂ ಅಪಾಯವಲ್ಲ. ಮಳೆ ಬಂದು ಗಾಡಿ ರಾತ್ರಿಯಿಡೀ ನಿಂತಿದ್ದರೆ, ಚಕ್ರದ ಜೊತೆ ತಿರುಗುವ ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಕೂತು, ಬೆಳಿಗ್ಗೆ ಮೊದಲ ಸಲ ಬ್ರೇಕು ಒತ್ತಿದಾಗ ಕರಕರ ಎನ್ನುತ್ತದೆ. ಗೇಟು ದಾಟಿ ರಸ್ತೆಗೆ ಬರುವಷ್ಟರಲ್ಲಿ ಅದೇ ಸವೆದು ಸುಮ್ಮನಾಗುತ್ತದೆ. ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಒಂದು ಚೂರು ಜಲ್ಲಿ ಸಿಕ್ಕಿಕೊಂಡರೆ ಪ್ರಳಯವಾದಂತೆ ಅರಚುತ್ತದೆ, ಹಿಂದಕ್ಕೊಮ್ಮೆ ಓಡಿಸಿದರೆ ಉದುರಿಹೋಗುತ್ತದೆ. ಹೆದರಬೇಕಾದ ಸದ್ದುಗಳು ಎರಡು. ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡು ಸವೆಯುತ್ತಾ ಬಂದಾಗ, ಅದರಲ್ಲಿ ಬೇಕೆಂದೇ ಇಟ್ಟಿರುವ ಒಂದು ಪುಟ್ಟ ಲೋಹದ ನಾಲಿಗೆ ಡಿಸ್ಕಿಗೆ ತಾಗಿ ಕೀಂಯ್ ಎಂದು ಸಣ್ಣಗೆ, ಬಹಳ ಮೇಲಿನ ಸ್ವರದಲ್ಲಿ ಕೂಗಲು ಶುರುಮಾಡುತ್ತದೆ. ನನ್ನನ್ನು ಬದಲಾಯಿಸು ಎಂದು ಪ್ಯಾಡೇ ಹೇಳುವ ಮಾತು ಅದು. ಆಗಲೂ ಬದಲಾಯಿಸದಿದ್ದರೆ ಪ್ಯಾಡಿನ ಮೈ ಪೂರ್ತಿ ಹೋಗಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಗರಗರ ಎನ್ನುತ್ತದೆ. ಕೀಂಯ್ ಎನ್ನುವಾಗ ಗ್ಯಾರೇಜಿಗೆ ಹೋಗಲು ಸಮಯವಿರುತ್ತದೆ. ಗರಗರ ಎನ್ನುವಾಗ ಇಳಿಜಾರಿನಲ್ಲಿದ್ದರೆ ದೇವರೇ ಗತಿ.

ಇದನ್ನು ನಾನು ಎಷ್ಟು ಜನಕ್ಕೆ ಉಪದೇಶಿಸಿದ್ದೇನೋ ಲೆಕ್ಕವಿಲ್ಲ. ಹೋದ ವರ್ಷ ಮೊದಲನೇ ಮಹಡಿಯ ಫಿಲೋಮಿನಾ ಮೇಡಂಗೂ ಉಪದೇಶಿಸಿದೆ. ಅವರು ನಿವೃತ್ತ ಗಣಿತದ ಟೀಚರು, ಹುಟ್ಟಿ ಬೆಳೆದದ್ದೆಲ್ಲ ರಿಚರ್ಡ್ಸ್ ಟೌನಿನಲ್ಲಿ. ಒಂಟಿಯಾಗಿರುತ್ತಾರೆ, ಕಾರನ್ನು ತಾವೇ ಓಡಿಸುತ್ತಾರೆ, ಅದೂ ಬಹಳ ಚೆನ್ನಾಗಿ. ಅವರ ಅಕ್ಕನ ಮೊಮ್ಮಗುವಿನ ನಾಮಕರಣ ಏರ್ಕಾಡಿನಲ್ಲಿತ್ತು. ಮಂಡಿನೋವಿನ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತಿ, ಕಾರ್ಯಕ್ರಮ ಮುಗಿಸಿ, ಮತ್ತೆ ಆ ತಿರುವುಗಳಲ್ಲೆಲ್ಲ ಇಳಿದು ಬರಬೇಕು. "ಗಾಡಿ ಎಲ್ಲೋ ಸ್ವಲ್ಪ ಸದ್ದು ಮಾಡ್ತಿದೆ ಅನ್ಸತ್ತೆ ಮಿಸ್ಟರ್ ಮೂರ್ತಿ. ಹೊರಡೋಕೆ ಮುಂಚೆ ನೀವೊಂದ್ಸಲ ಕೇಳಿಬಿಟ್ರೆ ನಂಗೆ ಧೈರ್ಯ" ಎಂದರು.

ಆ ಭಾನುವಾರ ನನ್ನ ಹೆಂಡತಿ ಸುಮಂಗಲಾಗೂ ಫ್ರೇಜರ್ ಟೌನಿನಲ್ಲಿ ಏನೋ ಕೊಳ್ಳಬೇಕಿತ್ತು, ಅವಳೂ ಹತ್ತಿದಳು. ಅವಳು ಕಲಬುರಗಿಯವಳು. ಬೆಂಗಳೂರಿಗೆ ಬಂದು ಅರ್ಧ ಆಯುಷ್ಯ ಕಳೆದರೂ ಮನೆಯಲ್ಲಿ, ಅದರಲ್ಲೂ ನನ್ನ ಜೊತೆ, ಕಲಬುರಗಿ ಮಾತೇ. ಮೇಡಂ ಗೋಡೆಯ ಪಕ್ಕ ನಿಧಾನವಾಗಿ ಓಡಿಸಿದರು. ನಾನು ಎಡಗಿಟಕಿಯ ಪಕ್ಕ ಕಣ್ಣು ಮುಚ್ಚಿ ಕೂತೆ. ಟೈರಿನ ಕೆಳಗೆ ಒಣ ಎಲೆ ಪುಡಿಯಾಗುವುದು ಕೇಳಿತು. ಇಂಜಿನ್ನಿನ ಗೊಣಗು ಕೇಳಿತು. ಬೇರೇನೂ ಇರಲಿಲ್ಲ.

"ಕೀಂಯ್ ಅನ್ಲತ್ತದಲ್ರೀ, ಕೇಳಲ್ಲೇನು ನಿಮಗ?" ಎಂದಳು ಸುಮಂಗಲಾ.

"ಅದು ಬೇರೆ ಯಾವ್ದೋ ಗಾಡೀದು ಕಣೆ" ಎಂದೆ, ಕಣ್ಣು ತೆರೆಯದೆ. ಪರೀಕ್ಷೆಯ ನಡುವೆ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ರಸ್ತೆಯಲ್ಲಿ ಬೇರೆ ಗಾಡಿ ಇದ್ದಿತೇ ಎಂದು ಕಣ್ಣು ಬಿಟ್ಟು ನೋಡುವಷ್ಟು ಸೌಜನ್ಯವೂ ನನಗೆ ಹೊಳೆಯಲಿಲ್ಲ. ಬಲಗಡೆ ಗೋಡೆ ಇಟ್ಟುಕೊಂಡು ವಾಪಸು ಬಂದೆವು. "ಬ್ರೇಕ್ ಬೆಣ್ಣೆ ಥರ ಇದೆ ಮೇಡಂ, ಆರಾಮಾಗಿ ಹೋಗ್ಬನ್ನಿ" ಎಂದು ತೀರ್ಪು ಕೊಟ್ಟೆ. ಮೇಡಂ, "ಶೂರ್?" ಎಂದರು. "ನಾನು ಹೇಳಿದ ಮೇಲೆ ಮುಗೀತು" ಎಂದೆ. ಅವರು ಥ್ಯಾಂಕ್ಸ್ ಹೇಳಿದರು, ಸಂಜೆ ಒಂದು ಡಬ್ಬಿ ತುಂಬ ರೋಸ್ ಕುಕ್ಕೀಸ್ ಕಳಿಸಿದರು. ನಾನೊಬ್ಬನೇ ಮುಕ್ಕಾಲು ಭಾಗ ತಿಂದೆ.

ಅವರು ಹೊರಡುವ ಹಿಂದಿನ ಸಂಜೆ ನನಗೆ ಮೈ ಬೆಚ್ಚಗಿತ್ತು. ಥರ್ಮಾಮೀಟರನ್ನು ಕಂಕುಳಲ್ಲಿಟ್ಟುಕೊಂಡು ಪೇಪರ್ ಓದುತ್ತಾ ಕೂತೆ. ಬೀಪ್ ಎಂದಾಗ ತೆಗೆಯುವುದು ಎಂದು ಕಾದೆ. ಸಂಪಾದಕೀಯ ಮುಗಿಯಿತು, ಓದುಗರ ಪತ್ರಗಳೂ ಮುಗಿದವು. ಅಡುಗೆಮನೆಯಿಂದ ಸುಮಂಗಲಾ ಕೂಗಿದಳು, "ಅದು ಕೂಗಿ ಎಷ್ಟೊತ್ತಾತು, ಇನ್ನಾ ಯಾಕ ಇಟ್ಕೊಂಡು ಕೂತೀರಿ?"

"ಎಲ್ಲಿ ಕೂಗ್ತು? ಕೆಟ್ಟುಹೋಗಿದೆ ಇದು" ಎಂದೆ. ಮತ್ತೆ ಇಟ್ಟುಕೊಂಡೆ. ಈ ಸಲ ಪೇಪರ್ ಬದಿಗಿಟ್ಟು, ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಲ್ಲುತ್ತಿದ್ದ ಗಮನದಲ್ಲೇ ಕಾದೆ. ಏನೂ ಇಲ್ಲ. "ಈಗ ಮತ್ತ ಕೂಗ್ತು ನೋಡ್ರಿ" ಎಂದಿತು ಅಡುಗೆಮನೆ.

ಜ್ವರ ಅಷ್ಟೇನಿರಲಿಲ್ಲ. ಆದರೆ ಥರ್ಮಾಮೀಟರಿನ ಮೇಲಿದ್ದ ಅನುಮಾನ ಈಗ ನನ್ನ ಮೇಲೇ ತಿರುಗಿತು. ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು ಅದರ ಮುಂದೆ ನಿಂತೆ. ಬಾಗಿಲು ತೆರೆದೇ ಬಿಟ್ಟರೆ ಅದು ಕೂಗಬೇಕು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಫ್ರಿಜ್ಜು ಗುರ್ ಎನ್ನುತ್ತಿತ್ತು, ಅಷ್ಟೇ. ಸುಮಂಗಲಾ ಸೌಟು ಹಿಡಿದುಕೊಂಡೇ ಬಂದು, "ಆಗಿಂದ ಕೂಗ್ಲತ್ತದ. ಏನ್ ಹುಡುಕ್ಲತ್ತೀರಿ ಒಳಗ?" ಎಂದಳು. "ಸದ್ದು" ಎಂದೆ. ಅವಳು ನನ್ನ ಮುಖ ನೋಡಿದಳು. ಫ್ರಿಜ್ಜಿನ ಬಾಗಿಲು ಮುಚ್ಚಿದಳು.

ಮನುಷ್ಯನ ಕಿವಿ ಕೆಡುವುದು ಕರೆಂಟು ಹೋದ ಹಾಗಲ್ಲ. ಮೇಲಿನ ಸ್ವರಗಳು ಮೊದಲು ಹೋಗುತ್ತವೆ. ಮಾತು ಕೇಳುತ್ತದೆ, ಬಾಗಿಲು ಬಡಿದದ್ದು ಕೇಳುತ್ತದೆ, ಗುಂಡಿಯಲ್ಲಿ ದಡ್ ಎನ್ನುವುದೂ ಕೇಳುತ್ತದೆ. ಅದರಿಂದಾಗಿ ಏನೋ ಹೋಗಿದೆ ಎಂದೇ ಗೊತ್ತಾಗುವುದಿಲ್ಲ. ಕೇಳದೇ ಇರುವುದು ಇಲ್ಲವೇ ಇಲ್ಲ ಎಂದು ತಲೆ ಒಪ್ಪಿಕೊಂಡುಬಿಡುತ್ತದೆ. ದೊಡ್ಡ ಯಂತ್ರಗಳ ನಡುವೆ ವರ್ಷಗಟ್ಟಲೆ ನಿಂತವರಿಗೆ ಇದು ಸ್ವಲ್ಪ ಬೇಗ ಬರುತ್ತದಂತೆ. ನನಗೆ ಕೇಳುವುದನ್ನು ಕಲಿಸಿದ ಜಾಗವೇ ಅದನ್ನು ಚೂರುಚೂರಾಗಿ ವಾಪಸು ತೆಗೆದುಕೊಳ್ಳುತ್ತಿತ್ತು. ಇದೆಲ್ಲ ನನಗೆ ಗೊತ್ತಿದ್ದ ವಿಷಯವೇ. ಇನ್ನೊಬ್ಬರ ಬಗ್ಗೆ ಗೊತ್ತಿತ್ತು, ಅಷ್ಟೇ.

ಅಂದರೆ ಆ ಭಾನುವಾರ ಗೋಡೆಯ ಪಕ್ಕದಲ್ಲಿ ಕೀಂಯ್ ಎಂದದ್ದು ನಿಜ. ಸುಮಂಗಲಾಗೆ ಕೇಳಿದ್ದು ನಿಜ. ನಾಳೆ ಬೆಳಿಗ್ಗೆ ಫಿಲೋಮಿನಾ ಮೇಡಂ ನನ್ನ ಮಾತು ನಂಬಿಕೊಂಡು, ಸವೆದ ಪ್ಯಾಡಿನ ಕಾರಿನಲ್ಲಿ ಅಕ್ಕನನ್ನು ಕೂರಿಸಿಕೊಂಡು ಏರ್ಕಾಡಿಗೆ ಹೊರಡುತ್ತಾರೆ. ಹತ್ತುವಾಗ ಏನೂ ಆಗಲಿಕ್ಕಿಲ್ಲ. ಇಳಿಯುವಾಗ ಪ್ರತಿ ತಿರುವಿನಲ್ಲೂ ಬ್ರೇಕೇ ಬೇಕು.

ಇಷ್ಟೆಲ್ಲ ಗೊತ್ತಾದ ಮೇಲೂ ತಕ್ಷಣ ಫೋನು ಎತ್ತಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಿವಿಯ ಸುದ್ದಿ ಎತ್ತದೆಯೇ ಅವರನ್ನು ತಡೆಯುವ ದಾರಿಗಳನ್ನೆಲ್ಲ ಯೋಚಿಸಿದೆ. ಘಾಟಿಯಲ್ಲಿ ಮಂಜು ಜಾಸ್ತಿಯಂತೆ ಎನ್ನಲೇ? ಸುಮ್ಮನೆ ಒಂದ್ಸಲ ಪ್ಯಾಡ್ ಬದಲಾಯಿಸಿಬಿಡಿ, ಹಳೇ ಗಾಡಿಯಲ್ಲವೇ ಎನ್ನಲೇ? ಎರಡನೆಯದು ಬಹಳ ಗೌರವಯುತವಾಗಿ ಕಂಡಿತು. ಹೇಳುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಾ ಬಾಲ್ಕನಿಯಲ್ಲಿ ಅಡ್ಡಾಡಿದೆ. ಆದರೆ ಮೇಡಂ ಗಣಿತದ ಟೀಚರು. ಬೆಣ್ಣೆ ಥರ ಇದೆ ಎಂದವನು ನಾಲ್ಕೇ ದಿನದಲ್ಲಿ ಬದಲಾಯಿಸಿ ಎನ್ನುವುದು ಯಾಕೆ ಎಂದು ಕೇಳದೆ ಬಿಡುವವರಲ್ಲ. ಅವರ ಮನೆಗೇ ಇಳಿದು ಹೋದೆ.

"ಮೇಡಂ, ನಿಮ್ಮ ಬ್ರೇಕ್ ಸರಿಯಿಲ್ಲ. ನನಗೆ ಕೇಳಿಸ್ಲಿಲ್ಲ, ಅಷ್ಟೇ. ನನ್ನ ಕಿವಿ ಹೋಗಿದೆ. ನಾಳೆ ಹೊರಡ್ಬೇಡಿ" ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಅರ್ಧ ತುಂಬಿದ್ದ ಸೂಟ್‌ಕೇಸಿನ ಪಕ್ಕ ನಿಂತು ನನ್ನನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. "ಸರಿ, ಒಂದಿನ ಲೇಟಾಗಿ ಹೋದ್ರಾಯ್ತು, ಮಗೂಗೆ ಇನ್ನೂ ಹೆಸರೇ ಇಟ್ಟಿಲ್ವಲ್ಲ" ಎಂದು ಅಕ್ಕನಿಗೆ ಫೋನು ಹಚ್ಚಿದರು.

ಮರುದಿನ ಬೆಳಿಗ್ಗೆ ಶಿವಾಜಿನಗರದ ಪರಿಚಯದ ಗ್ಯಾರೇಜಿಗೆ ನಾವು ಮೂವರೂ ಹೋದೆವು, ಮೇಡಂ, ನಾನು, ಸುಮಂಗಲಾ. ಮೆಕ್ಯಾನಿಕ್ ಅನ್ವರ್ ಮುಂದಿನ ಎಡ ಚಕ್ರ ಬಿಚ್ಚಿ ಪ್ಯಾಡನ್ನು ಹೊರತೆಗೆದು ನನ್ನ ಅಂಗೈ ಮೇಲಿಟ್ಟ. ಬಿಸ್ಕತ್ತಿನಷ್ಟು ದಪ್ಪ ಇರಬೇಕಾದದ್ದು ರಟ್ಟಿನಷ್ಟಾಗಿತ್ತು. ಲೋಹದ ನಾಲಿಗೆ ಡಿಸ್ಕಿಗೆ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. "ಪೂರಾ ಖತಂ ಸಾರ್. ಘಾಟ್ ಇಳಿಯೋಕೆ ಆಗ್ತಿರ್ಲಿಲ್ಲ ಇದ್ರಲ್ಲಿ" ಎಂದ ಅನ್ವರ್, ಹೊಸದನ್ನು ತರಲು ಎದುರಿನ ಅಂಗಡಿಗೆ ಹೋದ. ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕೂತೆ.

"ಅಷ್ಟು ದಿನದಿಂದ ಕೂಗ್ತಿತ್ತಲ್ಲ ಮೇಡಂ, ನಿಮಗೂ ಕೇಳಿಸ್ಲಿಲ್ವಾ?" ಎಂದು ಕೇಳಿದೆ. ಸ್ವಲ್ಪ ಪಾಲನ್ನಾದರೂ ಅವರಿಗೆ ದಾಟಿಸುವ ಆಸೆ ಇತ್ತೆಂದು ಕಾಣುತ್ತದೆ.

"ಕೇಳ್ಸ್ತಿತ್ತು, ಚೆನ್ನಾಗಿ ಕೇಳ್ಸ್ತಿತ್ತು. ಆದ್ರೆ ನೀವು ಏನೂ ಇಲ್ಲ ಅಂದ್ಬಿಟ್ರಲ್ಲ. ನಿಮ್ಮ ಕಿವಿ ಎಂಥಾದ್ದು ಅಂತ ಬಿಲ್ಡಿಂಗಿಗೇ ಗೊತ್ತು. ಆಮೇಲೂ ನಂಗೆ ಕೇಳ್ತಾನೇ ಇತ್ತಾ, ನನ್ನ ಕಿವೀಲೇ ಏನೋ ಪ್ರಾಬ್ಲಂ ಇರ್ಬೇಕು ಅಂದ್ಕೊಂಡೆ. ವಯಸ್ಸಾದೋರಿಗೆ ಕಿವಿಯೊಳಗೆ ಏನೇನೋ ಸದ್ದು ಕೇಳ್ಸತ್ತಂತಲ್ಲ. ಇಂದಿರಾನಗರದಲ್ಲಿ ಕಿವಿ ಡಾಕ್ಟರ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿದೀನಿ, ಏರ್ಕಾಡಿಂದ ಬಂದ ತಕ್ಷಣಕ್ಕೆ."

ಕೆಟ್ಟ ಬ್ರೇಕನ್ನು ಸರಿಯಿದೆ ಎಂದದ್ದಷ್ಟೇ ಅಲ್ಲ, ಸರಿಯಿದ್ದ ಒಂದು ಜೊತೆ ಕಿವಿಯನ್ನು ಕೆಟ್ಟಿದೆ ಎಂದೂ ಒಪ್ಪಿಸಿದ್ದೆ. ಸುಮಂಗಲಾ ಕಡೆ ತಿರುಗಿ, "ನಿನಗೂ ಹಂಗೇ ಅನ್ನಿಸಿತ್ತಾ?" ಎಂದೆ.

"ನನಗ್ಯಾಕ ಅನ್ನಸ್ತದ? ನಂದು ನೆಟ್ಟಗೇ ಅದ. ನಾ ನಿಮ್ಮ ಮ್ಯಾಲೇ ಡೌಟ್ ಪಟ್ಟಿದ್ದೆ" ಎಂದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳ ಯಾವ ಮಾತೂ ನನಗೆ ಇಷ್ಟು ನೆಮ್ಮದಿ ಕೊಟ್ಟಿರಲಿಲ್ಲ.

ಮೇಡಂ ಹೊಸ ಪ್ಯಾಡಿನಲ್ಲಿ ಏರ್ಕಾಡಿಗೆ ಹೋದರು, ಮಗುವಿಗೆ ಹೆಸರಿಟ್ಟು ಕ್ಷೇಮವಾಗಿ ಇಳಿದು ಬಂದರು. ಅವರು ಡಾಕ್ಟರ ಬಳಿ ಹೋಗಬೇಕಾಗಿದ್ದ ದಿನ ನಾನೂ ಸುಮಂಗಲಾಳೂ ಇಂದಿರಾನಗರಕ್ಕೆ ಹೋಗಿ ಕಾಯುವ ಕುರ್ಚಿಗಳಲ್ಲಿ ಕೂತೆವು. ಸುತ್ತಲೂ ನನ್ನ ವಯಸ್ಸಿನವರೇ, ಒಬ್ಬೊಬ್ಬರ ಪಕ್ಕದಲ್ಲೂ ಅವರನ್ನು ಎಳೆದುಕೊಂಡು ಬಂದ ಒಬ್ಬೊಬ್ಬರು. ಒಳಗಿನಿಂದ ನರ್ಸು ಬಂದು ಸುತ್ತ ನೋಡಿ, "ಫಿಲೋಮಿನಾ ಅನ್ನೋರು ಯಾರು?" ಎಂದರು.

"ನಾನೇ" ಎಂದು ಎದ್ದು ನಿಂತೆ.